ಒಂದೇ ತೋಟಾ, ಎರಡು ನಳಿಗೆ

ಸಂಜೆಯಾದರೆ ಹೈದರಾಬಾದಿನ ಮಿಯಾಪುರದ ಅಪಾರ್ಟ್‌ಮೆಂಟುಗಳ ಮೆಟ್ಟಿಲ ಮೇಲೆ ಹುಡುಗರು ಮೊಬೈಲು ಹಿಡಿದು ಕೂರುತ್ತಾರೆ. ಪಬ್‌ಜಿ ಆಟದ ಮಿರಾಮಾರ್ ಎಂಬ ಮರುಭೂಮಿಯಲ್ಲಿ ಅವರಿಗೆ ಎರಡು ಹಳೆಯ ಕಾಲದ ಆಯುಧ ಸಿಗುತ್ತವೆ. ಒಂದು 'ಆರ್45' ಎಂಬ ರಿವಾಲ್ವರ್, ಇನ್ನೊಂದು 'ವಿನ್94' ಎಂಬ ಲಿವರ್ ರೈಫಲ್. ಎರಡಕ್ಕೂ ತುಂಬುವುದು ಒಂದೇ .45 ತೋಟಾ. ನಮ್ಮ ಕಟ್ಟಡದ ಹುಡುಗನೊಬ್ಬ ಅದನ್ನು ತೋರಿಸಿ, "ಅಂಕಲ್, ರಿವಾಲ್ವರ್ ಬುಲೆಟ್ಟು ರೈಫಲ್‌ನಲ್ಲಿ ನಿಜವಾಗ್ಲೂ ಹೋಗುತ್ತಾ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಹೋಗುತ್ತದೆ ಎಂದಷ್ಟೇ ಹೇಳಿ ಸುಮ್ಮನಾಗುವುದು ಸರಿಯಲ್ಲ. ಚೇಂಬರಿಗೆ ತೋಟಾ ತೂರುವುದು ಬೇರೆ, ಆ ಕೋವಿಗೆ ಅದು ಹೊಂದುವುದು ಬೇರೆ. ಕೋವಿಯ ಚರಿತ್ರೆಯಲ್ಲಿ ಬೆರಳು ಕಳೆದುಕೊಂಡವರಲ್ಲಿ, ಕಣ್ಣು ಕಳೆದುಕೊಂಡವರಲ್ಲಿ ಬಹಳಷ್ಟು ಮಂದಿ ಎಡವಿದ್ದು ಈ ಎರಡರ ನಡುವೆಯೇ.

ಆಟದಲ್ಲಿರುವ ರೈಫಲ್ಲಿನ ಅಸಲಿ ರೂಪವಾದ 1894ರ ವಿಂಚೆಸ್ಟರ್ ಹೆಸರು ಮಾಡಿದ್ದು .30-30 ಎಂಬ ರೈಫಲ್ ತೋಟಾದಿಂದ. ಆದರೆ ಎರಡು ಆಯುಧಕ್ಕೆ ಒಂದೇ ತೋಟಾ ಎಂಬುದು ಆಟ ಕಟ್ಟಿದವರ ಕಲ್ಪನೆಯೇನಲ್ಲ. ವಿಂಚೆಸ್ಟರ್ ಕಂಪನಿ 1873ರಲ್ಲಿ .44-40 ತೋಟಾ ಹಾರಿಸುವ ಲಿವರ್ ರೈಫಲ್ ಹೊರತಂದಿತು. ಐದು ವರ್ಷ ಕಳೆದು, 1878ರಲ್ಲಿ, ಕೋಲ್ಟ್ ಕಂಪನಿ ತನ್ನ ಆರು ಗುಂಡಿನ ರಿವಾಲ್ವರನ್ನು ಅದೇ ತೋಟಾಕ್ಕೆ ಹೊಂದಿಸಿ ಮಾರತೊಡಗಿತು. ಅಂಗಡಿ ಊರು ನೂರಾರು ಮೈಲಿ ದೂರವಿದ್ದ ಕಾಲ ಅದು. ಸೊಂಟದ ಪಟ್ಟಿಯಲ್ಲಿ ಒಂದೇ ಬಗೆಯ ತೋಟಾ ಸಿಕ್ಕಿಸಿಕೊಂಡರೆ ಎರಡೂ ಆಯುಧಕ್ಕೆ ಸಾಕಾಗುತ್ತಿತ್ತು. 44 ಎಂದರೆ ಹೆಚ್ಚುಕಡಿಮೆ ಗುಂಡಿನ ವ್ಯಾಸ, ಇಂಚಿನ ನೂರರಲ್ಲಿ. 40 ಎಂದರೆ ಅದರೊಳಗಿನ ಕರಿಮದ್ದು, ಗ್ರೇನ್ ಲೆಕ್ಕದಲ್ಲಿ. ನಲವತ್ತು ಗ್ರೇನ್ ಅಂದರೆ ಎರಡೂವರೆ ಗ್ರಾಮಿಗಿಂತ ತುಸು ಜಾಸ್ತಿ.

ಮಲೆನಾಡಿನವರಿಗೆ ಕೈಯಿಂದ ಈಡು ತುಂಬುವುದು ಹೊಸ ವಿಷಯವಲ್ಲ. ಕೇಪಿನ ಕೋವಿ ಇದ್ದ ಮನೆಯಲ್ಲಿ ಬೆಳೆದವರು ನೋಡಿರುತ್ತಾರೆ: ನಳಿಗೆಯ ಬಾಯಿಂದ ಅಳತೆ ಮದ್ದು ಸುರಿಯುವುದು, ಅದರ ಮೇಲೆ ತೆಂಗಿನ ನಾರು ತುರುಕಿ ಗಜ ಎಂಬ ಕೋಲಿನಿಂದ ಜಡಿಯುವುದು, ಚರೆಯನ್ನೋ ಒಂಟಿ ಗುಂಡನ್ನೋ ಬಿಟ್ಟು ಮತ್ತೆ ನಾರು, ಮತ್ತೆ ಗಜ, ಕೊನೆಗೆ ಹಿಂಬದಿಯ ಪುಟ್ಟ ಮೊನೆಗೆ ಕೇಪು. ತಿಳಿದವರು ಗಜದ ಮೇಲೆ ಎರಡು ಗೀರು ಹಾಕಿಟ್ಟಿರುತ್ತಾರೆ. ಬರಿದಾದ ನಳಿಗೆಗೆ ಗಜ ಇಳಿಸಿದರೆ ಒಂದು ಗೀರು ಬಾಯಿಯ ಮಟ್ಟಕ್ಕೆ ಬರುತ್ತದೆ, ಈಡು ತುಂಬಿದ ನಳಿಗೆಗೆ ಇಳಿಸಿದರೆ ಇನ್ನೊಂದು. ಈಡು ಇರುವುದು ಮರೆತು ಅದರ ಮೇಲೆ ಇನ್ನೊಂದು ಈಡು ಜಡಿದುಬಿಟ್ಟರೆ ಹೊಡೆಯುವವನ ಮುಖದ ಎದುರೇ ನಳಿಗೆ ಸಿಡಿಯಬಹುದು. ಆ ಎರಡು ಗೀರು ಕೆತ್ತಿದವನು ಬಲ್ಲವನು. ತೋಟಾವನ್ನು ಕೈಯಿಂದ ಕಟ್ಟುವವರಿಗೂ ಬೇಕಾದದ್ದು ಅದೇ ಎಚ್ಚರ, ಅದೇ ತಾಳ್ಮೆ.

ಕೊಡಗಿನಲ್ಲಿ ಕೋವಿಗೆ ಹಬ್ಬವೇ ಉಂಟು: ಪ್ರತಿ ಸೆಪ್ಟೆಂಬರ್ 3ರಂದು ಕೈಲ್‌ಪೊಳ್ದಿಗೆ ಕೋವಿಗಳನ್ನು ಸಾಲಾಗಿ ಇಟ್ಟು, ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಕೊಡವರಿಗೂ ವಂಶಪಾರಂಪರ್ಯವಾದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಆಯುಧ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿ ಬಂದಾಗ ಕರ್ನಾಟಕ ಹೈಕೋರ್ಟು 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ನಾಡಿನ ಬೇರೆ ಕಡೆ ಹಾಗಿಲ್ಲ. ಬೆಳೆ ಕಾಯಲು ಲೈಸೆನ್ಸು ಪಡೆದ ರೈತ ಚುನಾವಣೆ ಬಂತೆಂದರೆ ಸಾಮಾನ್ಯವಾಗಿ ಕೋವಿಯನ್ನು ಠಾಣೆಗೆ ಹೊತ್ತು ಒಪ್ಪಿಸಿ ಬರಬೇಕು.

ಈಗ ಲಿವರ್ ರೈಫಲ್ಲಿಗೆ ಬರೋಣ. ಕನ್ನಡದ ಓದುಗ ಇದನ್ನು ಕಂಡಿದ್ದಾನೆ, ಹೆಸರು ಗೊತ್ತಿಲ್ಲದಿರಬಹುದು ಅಷ್ಟೆ. ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕತೆಗಳು' ಮಾಲೆಯಲ್ಲಿ ಕನ್ನಡಕ್ಕೆ ತಂದ ಬೇಟೆಗಾರ-ಲೇಖಕ ಕೆನೆತ್ ಆಂಡರ್ಸನ್ ಕೈಯಲ್ಲಿದ್ದದ್ದು ಇಂಥದೇ ಆಯುಧ: ವಿಂಚೆಸ್ಟರ್ ಕಂಪನಿಯ 1895ನೇ ಮಾದರಿ, .405 ಬೋರು. ಆಂಡರ್ಸನ್ ಬೆಂಗಳೂರಿನವರೆಂದೇ ನಮಗೆಲ್ಲ ಪರಿಚಯ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ದುಡಿದರು, ಜಾಲಹಳ್ಳಿ, ಮಾಗಡಿಗಳ ಸುತ್ತ ಅಲೆದರು, 1974ರಲ್ಲಿ ತೀರಿಕೊಂಡರು. ಆದರೆ ಅವರು ಹುಟ್ಟಿದ್ದು, 1910ರಲ್ಲಿ, ಇಲ್ಲಿ ಹೈದರಾಬಾದಿನ ಬೊಲಾರಂನಲ್ಲಿ. ಮಿಯಾಪುರದಿಂದ ಪೂರ್ವಕ್ಕೆ ಹೋದರೆ ಸಿಕಂದರಾಬಾದ್ ಕಂಟೋನ್ಮೆಂಟಿನ ಉತ್ತರದ ಅಂಚಿನಲ್ಲಿರುವ ಜಾಗ ಅದು. ನಮ್ಮ ಹುಡುಗರಿಗೆ ಇದನ್ನು ಹೇಳಿದರೆ ಮೊಬೈಲಿನಿಂದ ಕತ್ತೆತ್ತಿ ನೋಡುತ್ತಾರೆ.

ಲಿವರ್ ಎಂದರೆ ಕೋವಿಯ ಕುದುರೆಯನ್ನು, ಅಂದರೆ ಟ್ರಿಗರನ್ನು, ಸುತ್ತಿಕೊಂಡಿರುವ ಉಕ್ಕಿನ ಬಳೆ. ಅದರೊಳಗೆ ಮೂರು ಬೆರಳು ತೂರಿಸಿ ಕೆಳಕ್ಕೆ, ಮುಂದಕ್ಕೆ ದೂಡಿದರೆ ಬೋಲ್ಟು ಹಿಂದೆ ಸರಿಯುತ್ತದೆ. ಸರಿಯುವಾಗಲೇ ಬರಿದಾದ ಹಿತ್ತಾಳೆ ಕೊಳವೆಯನ್ನು ಹಿಡಿದೆಳೆದು ಹೊರಗೆ ಎಸೆಯುತ್ತದೆ, ಸುತ್ತಿಗೆಯನ್ನು ಮಡಚಿ ನಿಲ್ಲಿಸುತ್ತದೆ. ಬಳೆಯನ್ನು ವಾಪಸ್ ಎಳೆದರೆ ಹೊಸ ತೋಟಾ ಚೇಂಬರಿಗೆ ಹೋಗಿ ಕೂರುತ್ತದೆ, ಬೋಲ್ಟು ಬಿಗಿಯುತ್ತದೆ. ಭುಜದಿಂದ ಕೋವಿ ಇಳಿಸಬೇಕಿಲ್ಲ, ಗುರಿಯಿಂದ ಕಣ್ಣು ತೆಗೆಯಬೇಕಿಲ್ಲ. ಆಂಡರ್ಸನ್ನರಂತೆ ರಾತ್ರಿ ಒಬ್ಬರೇ ಕೂತು ಕಾಯುವವರಿಗೆ ಎರಡನೇ ಈಡಿನ ಈ ಸರಾಗವೇ ಜೀವ ಉಳಿಸುವಂಥದು ಎಂದು ನನಗನಿಸುತ್ತದೆ.

1895ರ ಮಾದರಿಯನ್ನು ರೂಪಿಸಿದ್ದು ಜಾನ್ ಬ್ರೌನಿಂಗ್. ಅದಕ್ಕೂ ಅದರ ಹಿಂದಿನ ಮಾದರಿಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. 1873, 1892, 1894ರ ವಿಂಚೆಸ್ಟರುಗಳಲ್ಲಿ ನಳಿಗೆಯ ಅಡಿಯಲ್ಲಿ ಇನ್ನೊಂದು ಕೊಳವೆ. ತೋಟಾಗಳು ಅದರೊಳಗೆ ರೈಲು ಡಬ್ಬಿಗಳಂತೆ ಒಂದರ ಹಿಂದೊಂದು ಮಲಗಿರುತ್ತವೆ. ಅಂದರೆ ಹಿಂದಿನ ತೋಟಾದ ಗುಂಡಿನ ಮೂತಿ ಮುಂದಿನ ತೋಟಾದ ಕೇಪಿಗೆ ಒತ್ತಿಕೊಂಡಿರುತ್ತದೆ. ಮೂತಿ ಚೂಪಾಗಿದ್ದರೆ, ಕೋವಿ ಒದ್ದಾಗ ಆ ಚೂಪೇ ಸೂಜಿಯಾಗಿ ಮುಂದಿನ ತೋಟಾವನ್ನು ಕೊಳವೆಯೊಳಗೇ ಹೊತ್ತಿಸಬಹುದು. ಆದ್ದರಿಂದಲೇ ಕೊಳವೆ ಮ್ಯಾಗಜೀನಿನ ಕೋವಿಗೆ ಮೂತಿ ಚಪ್ಪಟೆಯಾದ ಗುಂಡೇ ಆಗಬೇಕು. ಬ್ರೌನಿಂಗ್ 1895ರಲ್ಲಿ ಕೊಳವೆಯನ್ನು ಕೈಬಿಟ್ಟು ತೋಟಾಗಳನ್ನು ಒಂದರ ಮೇಲೊಂದು ಪೇರಿಸುವ ಪೆಟ್ಟಿಗೆ ಇಟ್ಟರು. ಚೂಪು ಗುಂಡಿಗೂ ಬಲವಾದ ತೋಟಾಕ್ಕೂ ದಾರಿಯಾಯಿತು. ಆ ಮಾದರಿಯ ಸುಮಾರು 4,25,000 ರೈಫಲ್ಲುಗಳಲ್ಲಿ 2,90,000ಕ್ಕೂ ಹೆಚ್ಚು ಮೊದಲ ಮಹಾಯುದ್ಧದ ಹೊತ್ತಿಗೆ ರಷ್ಯಾದ ಸೇನೆಗೆ ಹೋದವು. .405 ತೋಟಾ ಬಂದದ್ದು 1904ರಲ್ಲಿ: 300 ಗ್ರೇನ್, ಅಂದರೆ ಹತ್ತೊಂಬತ್ತು ಗ್ರಾಮಿನ ಗುಂಡು, ಸೆಕೆಂಡಿಗೆ ಸುಮಾರು 670 ಮೀಟರ್ ವೇಗ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಒಯ್ದು ಸಿಂಹ ಹೊಡೆದದ್ದು ಇದರಲ್ಲೇ. ಕಂಪನಿಯವರು ಇಂಥ ಹಳೆಯ ತೋಟಾ ಮಾಡುವುದನ್ನು ನಿಲ್ಲಿಸಿದಾಗ, ಹೊರದೇಶಗಳಲ್ಲಿ ಕೋವಿ ಉಳಿಸಿಕೊಂಡವರಿಗೆ ಹಿತ್ತಾಳೆ ಕೊಳವೆಗಳನ್ನು ಮತ್ತೆ ಮತ್ತೆ ತುಂಬಿಕೊಳ್ಳುವುದೇ ದಾರಿಯಾಯಿತು.

ಆಂಡರ್ಸನ್ನರದು ರೈಫಲ್ ತೋಟಾ. ಹುಡುಗ ಕೇಳಿದ್ದು ರಿವಾಲ್ವರ್ ತೋಟಾದ ಮಾತು.

ರಿವಾಲ್ವರಿನ ತೋಟಾವನ್ನು ಕಾರ್ಬೈನಿಗೆ, ಅಂದರೆ ಮೋಟು ರೈಫಲ್ಲಿಗೆ, ಹಾಕಿದಾಗ ಆಗುವುದೇನು? .357 ಮ್ಯಾಗ್ನಮ್ ಒಳ್ಳೆಯ ಉದಾಹರಣೆ. ಇದರ ಸಾಮಾನ್ಯ ಗುಂಡು 158 ಗ್ರೇನ್, ಹತ್ತು ಗ್ರಾಮಿಗೆ ಸ್ವಲ್ಪ ಹೆಚ್ಚು. ನಾಲ್ಕು ಇಂಚಿನ ರಿವಾಲ್ವರ್ ನಳಿಗೆಯಿಂದ ಅದು ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಅದೇ ತೋಟಾ ಹದಿನೆಂಟು ಇಂಚಿನ ಕಾರ್ಬೈನಿನಿಂದ ಹೊರಟರೆ 530-540 ಮೀಟರ್ ಮುಟ್ಟುತ್ತದೆ. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಲೆಕ್ಕ ಹಾಕಿದರೆ ಸರಿಸುಮಾರು ಇಮ್ಮಡಿ. ಒಂದು ಚಿಟಿಕೆ ಮದ್ದೂ ಹೆಚ್ಚು ಹಾಕಿಲ್ಲ. ಮದ್ದು ಉರಿದು ಉಬ್ಬಿದ ಅನಿಲ ಗುಂಡಿನ ಬೆನ್ನು ತಳ್ಳುತ್ತಿರುತ್ತದೆ. ರಿವಾಲ್ವರಿನಲ್ಲಿ ನಾಲ್ಕು ಇಂಚಿಗೇ ಆ ತಳ್ಳುವಿಕೆ ಮುಗಿದು ಉಳಿದ ಬಲ ಬೆಂಕಿಯ ಗೊಂಚಲಾಗಿ, ಸದ್ದಾಗಿ ಗಾಳಿಗೆ ಹೋಗುತ್ತದೆ. ಜೊತೆಗೆ ರಿವಾಲ್ವರಿನಲ್ಲಿ ತೋಟಾ ಹೊತ್ತು ತಿರುಗುವ ಗಿರಗಟ್ಟೆಗೂ ನಳಿಗೆಗೂ ನಡುವೆ ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು, ಕೆಲವೊಮ್ಮೆ ಅದರ ಇಮ್ಮಡಿ, ಸಂದಿಯಿದೆ. ಅಲ್ಲಿಂದಲೂ ಅನಿಲ ಚಿಮ್ಮುತ್ತದೆ. ಅಲ್ಲಿ ಬೆರಳಿಟ್ಟವರ ಚರ್ಮ ಸುಟ್ಟು ಸೀಳುತ್ತದೆ. ಕಾರ್ಬೈನಿನಲ್ಲಿ ಸಂದಿಯೇ ಇಲ್ಲ.

ಎಲ್ಲ ತೋಟಾಕ್ಕೂ ಈ ಲಾಭ ಸಿಗುವುದಿಲ್ಲ. ನಿಧಾನವಾಗಿ ಉರಿಯುವ ಮದ್ದಾದರೆ ಉದ್ದ ನಳಿಗೆಯಲ್ಲಿ ತಳ್ಳುತ್ತಲೇ ಹೋಗುತ್ತದೆ. ಪುಟ್ಟ ನಳಿಗೆಗೆಂದೇ ಮಾಡಿದ ಚುರುಕು ಮದ್ದು ಕೆಲವೇ ಇಂಚಿನಲ್ಲಿ ಉರಿದು ಮುಗಿಯುತ್ತದೆ. ಆಮೇಲೆ ಉದ್ದ ನಳಿಗೆಯ ತಿಕ್ಕಾಟ ಗುಂಡಿಗೆ ಬರೀ ತಡೆ. ತೀರಾ ಮೆದುವಾಗಿ ತುಂಬಿದ ಈಡಾದರೆ ಗುಂಡು ದಾರಿಯಲ್ಲೇ, ನಳಿಗೆಯೊಳಗೇ, ನಿಂತುಬಿಡಬಹುದು. ನನ್ನನ್ನು ಹೆದರಿಸುವುದು ಇದು. ಆಗ 'ಢಂ' ಎನ್ನುವ ಬದಲು 'ಟುಸ್' ಎಂಬ ಸಣ್ಣ ಸದ್ದು ಬರುತ್ತದೆ, ಭುಜಕ್ಕೆ ಒದೆತ ಇರುವುದಿಲ್ಲ. ಲಿವರ್ ಕೋವಿ ರೂಢಿಯಾದ ಕೈ ಯೋಚಿಸುವ ಮೊದಲೇ ಬಳೆಯನ್ನು ದೂಡಿ ಎಳೆದಿರುತ್ತದೆ, ಇನ್ನೊಂದು ತೋಟಾ ಚೇಂಬರಿಗೆ ಬಂದಿರುತ್ತದೆ. ಎರಡನೇ ಗುಂಡು ಹೋಗಿ ಮೊದಲನೆಯದಕ್ಕೆ ಬಡಿದರೆ ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ. ಸದ್ದು ವ್ಯತ್ಯಾಸವಾಯಿತೆಂದರೆ ಕೈ ನಿಲ್ಲಿಸಿ, ಕೋವಿ ಬರಿದು ಮಾಡಿ, ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ಎಂದು ನೋಡುವವರೆಗೆ ಮುಂದಿನ ಮಾತಿಲ್ಲ. ಒಳ್ಳೆಯ ತರಬೇತುದಾರರು ಮೊದಲ ದಿನವೇ ಇದನ್ನು ಬಾಯಿಪಾಠ ಮಾಡಿಸುತ್ತಾರೆ.

ಕೈಯಿಂದ ತೋಟಾ ಕಟ್ಟುವ ಕೆಲಸ ಹೊರನೋಟಕ್ಕೆ ಸರಳ. ಒಮ್ಮೆ ಹಾರಿಸಿದ ಹಿತ್ತಾಳೆ ಕೊಳವೆ ಚೇಂಬರಿನ ಅಳತೆಗೆ ಉಬ್ಬಿರುತ್ತದೆ. ಅದನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಮತ್ತೆ ಅಳತೆಗೆ ತರಬೇಕು, ಸುಟ್ಟ ಕೇಪು ತೆಗೆದು ಹೊಸದು ಕೂರಿಸಬೇಕು, ಮದ್ದು ಅಳೆದು ಹಾಕಬೇಕು, ಮೇಲೆ ಗುಂಡು ಒತ್ತಿ ಕೊಳವೆಯ ಬಾಯಿಯನ್ನು ಗುಂಡಿನ ಸುತ್ತ ಒಳಕ್ಕೆ ಮಡಚಿ ಬಿಗಿಮಾಡಬೇಕು. ಹೊಗೆಯಿಲ್ಲದ ಮದ್ದನ್ನು 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಕಂಡುಹಿಡಿದ ಮೇಲೆ ಈ ಕೆಲಸದ ಅಪಾಯ ಬೇರೆ ರೂಪ ತಾಳಿತು. ಕರಿಮದ್ದು ಕೊಳವೆಯ ತುಂಬ ಹಿಡಿಯುತ್ತಿತ್ತು; ಎರಡು ಅಳತೆ ಹಾಕಲು ಜಾಗವೇ ಇರುತ್ತಿರಲಿಲ್ಲ. ಹೊಸ ಮದ್ದು ಸ್ವಲ್ಪದರಲ್ಲೇ ಬಲಶಾಲಿ. ಎಷ್ಟೋ ಸಲ ಅರ್ಧ ಕೊಳವೆಯೂ ತುಂಬದು. ಫೋನು ಬಂದು ಗಮನ ತಪ್ಪಿ ಅದೇ ಕೊಳವೆಗೆ ಎರಡನೇ ಸಲ ಮದ್ದು ಬಿದ್ದರೆ, ಗುಂಡು ಕೂರಿಸಿದ ಮೇಲೆ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಅನುಭವಿಗಳು ಗುಂಡು ಕೂರಿಸುವ ಮೊದಲು ಕೊಳವೆಗಳನ್ನೆಲ್ಲ ತೂತು ಕೊರೆದ ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಮೇಲಿನಿಂದ ಟಾರ್ಚು ಹಿಡಿದು ಒಂದೊಂದರೊಳಗೂ ಇಣುಕುತ್ತಾರೆ. ಸಾಲಿನಲ್ಲಿ ಒಂದರ ಮಟ್ಟ ಮೇಲೆ ಕಂಡರೆ ಅಥವಾ ತಳದ ಹಿತ್ತಾಳೆ ಹೊಳೆದರೆ ಅಲ್ಲೇ ಸಿಕ್ಕಿಬೀಳುತ್ತದೆ. ಗಜದ ಮೇಲಿನ ಗೀರು ಮಾಡುವ ಕೆಲಸವನ್ನೇ ಈ ಟಾರ್ಚು ಮಾಡುತ್ತದೆ.

ರಿವಾಲ್ವರಿಗೆಂದು ಕಟ್ಟಿದ್ದನ್ನೇ ಕಾರ್ಬೈನಿಗೂ ಒಯ್ದರೆ ತೊಡಕು ಶುರುವಾಗುವುದು ಗುಂಡಿನ ಹಿಡಿತದಿಂದ. ರಿವಾಲ್ವರ್ ಒದ್ದಾಗ ಗಿರಗಟ್ಟೆಯಲ್ಲಿ ಉಳಿದ ತೋಟಾಗಳ ಕೊಳವೆ ಹಿಂದಕ್ಕೆ ಹೋಗುತ್ತದೆ, ಭಾರದ ಗುಂಡು ನಿಂತಲ್ಲೇ ನಿಲ್ಲಲು ನೋಡುತ್ತದೆ. ಬಿಗಿ ಸಾಲದಿದ್ದರೆ ಗುಂಡು ಮೆಲ್ಲಗೆ ಹೊರಗೆ ಸರಿದು ಗಿರಗಟ್ಟೆ ತಿರುಗದಂತೆ ಅಡ್ಡಗಟ್ಟುತ್ತದೆ. ಕೊಳವೆ ಮ್ಯಾಗಜೀನಿನಲ್ಲಿ ಇದಕ್ಕೆ ತದ್ವಿರುದ್ಧ. ಸ್ಪ್ರಿಂಗಿನ ಒತ್ತಡ, ಒದೆತದ ಗುದ್ದು ಸೇರಿ ಗುಂಡನ್ನು ಹಿತ್ತಾಳೆಯ ಒಳಕ್ಕೆ ತಳ್ಳುತ್ತವೆ. ಗುಂಡು ಒಳಗೆ ಹೋದಷ್ಟೂ ಮದ್ದಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ರಿವಾಲ್ವರಿನಲ್ಲಿ ಅಚ್ಚುಕಟ್ಟಾಗಿ ನಡೆದ ತೋಟಾ ಕಾರ್ಬೈನಿನಲ್ಲಿ ಅಪಾಯದ ಗೆರೆ ದಾಟುವುದು ಹೀಗೂ ಉಂಟು.

ಉದ್ದದ ವಿಷಯವೂ ಇದೆ. ಗುರಿ ಪಂದ್ಯದ ಕೆಲವು ತೋಟಾಗಳಲ್ಲಿ ಗುಂಡಿನ ತಲೆ ಹಿತ್ತಾಳೆಯ ಅಂಚಿಗೇ ಸಮನಾಗಿ ಕೂತಿರುತ್ತದೆ, ಮೂತಿಯೇ ಇಲ್ಲ. ಕಾಗದದಲ್ಲಿ ಕತ್ತರಿಸಿದಂತೆ ದುಂಡನೆ ತೂತು ಬೀಳಲಿ ಎಂದು ಆ ರೂಪ. ಹೊಗಳಲೇಬೇಕಾದ ತೋಟಾ. ನಮ್ಮವರಿಗೆ ಇದರ ಋಣವೂ ಇದೆ: ಸೆಂಟರ್‌ಫೈರ್ ಪಿಸ್ತೂಲು ಪಂದ್ಯದಲ್ಲಿ ಹೆಚ್ಚು ಬಳಕೆಯಾಗುವ .32 ತೋಟಾ ಇಂಥದು, ಮತ್ತು 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿ ಚಿನ್ನ ಗೆದ್ದದ್ದು ಈ ಪಂದ್ಯದಲ್ಲೇ. .32 ತೋಟಾ ಹುಟ್ಟಿದ್ದು 1896ರಲ್ಲಿ, ರಿವಾಲ್ವರಿಗಾಗಿ; ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರೂ .32 ಬೋರಿನದೇ. ಮೂತಿಯಿಲ್ಲದ ಆ ರೂಪದ ತೋಟಾವನ್ನು ಲಿವರ್ ಕಾರ್ಬೈನಿನ ಕೊಳವೆಗೆ ತುಂಬಿದರೆ ಯಂತ್ರವೇ ಗಲಿಬಿಲಿಯಾಗುತ್ತದೆ. ಎಷ್ಟೋ ಲಿವರ್ ಕೋವಿಗಳಲ್ಲಿ ತೋಟಾವನ್ನು ಮೇಲೆತ್ತುವ ತಟ್ಟೆ ಅದರ ಪೂರ್ತಿ ಉದ್ದವನ್ನೇ ನಂಬಿ ಕೆಲಸ ಮಾಡುವಂಥದು. ತೋಟಾ ಗಿಡ್ಡವಾದರೆ ಕೊಳವೆಯಲ್ಲಿ ಕಾದಿರುವ ಮುಂದಿನ ತೋಟಾ ಅರ್ಧ ಒಳಗೆ ನುಗ್ಗಿ ಅಲ್ಲೇ ಕಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ನನಗೆ ಹೆಚ್ಚು ಗೌರವ ಮೂಡಿಸಿದ ಸಂಗತಿ 1935ರದು. ಸ್ಮಿತ್ ಅಂಡ್ ವೆಸನ್ ಕಂಪನಿ .357 ಮ್ಯಾಗ್ನಮ್ ಹೊರತಂದಾಗ ಅದರ ಗುಂಡಿನ ವ್ಯಾಸ ಹಳೆಯ .38 ಸ್ಪೆಷಲ್ ತೋಟಾದ್ದೇ. ಬಲ ಮಾತ್ರ ಬಹಳ ಹೆಚ್ಚು. ಹಳೆಯ ಕೋವಿಗೆ ಹೊಸ ತೋಟಾ ಹಾಕಿ ಯಾರೂ ಗಾಯಗೊಳ್ಳಬಾರದೆಂದು ಹಿತ್ತಾಳೆ ಕೊಳವೆಯನ್ನು ಮೂರೂವರೆ ಮಿಲಿಮೀಟರಿನಷ್ಟು ಉದ್ದ ಮಾಡಿದರು. ಹೊಸ ಕೋವಿಗೆ ಹಳೆಯ ತೋಟಾ ಹೋಗುತ್ತದೆ. ಹಳೆಯ ಕೋವಿಗೆ ಹೊಸದು ತೂರುವುದೇ ಇಲ್ಲ. ಅದಕ್ಕೂ ಮೊದಲು, 20ನೇ ಶತಮಾನದ ಆರಂಭದಲ್ಲಿ, ಗಟ್ಟಿಮುಟ್ಟಾದ 1892ರ ವಿಂಚೆಸ್ಟರಿಗೆಂದು .44-40, .32-20 ತೋಟಾಗಳ ಹೆಚ್ಚು ಬಲದ ರೂಪ ಬಂದಿತ್ತು. ಅಳತೆ ಒಂದೇ ಆದ್ದರಿಂದ ಅವು ಹಳೆಯ ರಿವಾಲ್ವರಿಗೂ ಸಲೀಸಾಗಿ ಹೋಗುತ್ತಿದ್ದವು. ಪೆಟ್ಟಿಗೆಯ ಮೇಲೆ ರಿವಾಲ್ವರಿಗೆ ಬಳಸಬಾರದೆಂದು ಅಚ್ಚು ಹಾಕಿದ್ದರು. ಪೆಟ್ಟಿಗೆ ಹರಿದು ಹೋಗಿ ತೋಟಾ ಜೇಬಿಗೆ ಸೇರಿದರೆ ಆ ಎಚ್ಚರಿಕೆ ಎಲ್ಲಿರುತ್ತದೆ? ಓದಿ ನೆನಪಿಟ್ಟುಕೊಳ್ಳಬೇಕಾದ ಸುರಕ್ಷತೆಗಿಂತ ಉಕ್ಕಿಗೂ ಹಿತ್ತಾಳೆಗೂ ಅಳತೆಯಲ್ಲೇ ಬೆಸೆದ ಸುರಕ್ಷತೆ ನೂರು ಪಾಲು ಮೇಲು.

ಅಮೆರಿಕದಲ್ಲಿ ಇದು ಇಂದಿಗೂ ಜೀವಂತ ಹವ್ಯಾಸ. 1987ರಲ್ಲಿ ಶುರುವಾದ ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿಯ ಪಂದ್ಯಗಳಲ್ಲಿ ಸ್ಪರ್ಧಿಗಳು ಎರಡು ರಿವಾಲ್ವರ್, ರಿವಾಲ್ವರ್ ತೋಟಾದ ಒಂದು ಲಿವರ್ ರೈಫಲ್, ಒಂದು ಚರೆ ಕೋವಿ ಹಿಡಿದು ಉಕ್ಕಿನ ತಗಡುಗಳಿಗೆ ಗುರಿಯಿಡುತ್ತಾರೆ. ಮೆದು ಈಡು, ಸೀಸದ ಗುಂಡು. ಬಹಳ ಮಂದಿ ತೋಟಾವನ್ನು ತಾವೇ ಕಟ್ಟುತ್ತಾರೆ.

ನಮ್ಮಲ್ಲಿ ಹಾಗೆ ಮನೆಯಲ್ಲಿ ಕೂತು ಕಟ್ಟುವಂತಿಲ್ಲ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ನಿನ ಪ್ರಕಾರ ಮದ್ದುಗುಂಡು ತಯಾರಿಸಲು ಲೈಸೆನ್ಸು ಬೇಕು. ಇಲ್ಲದೆ ಮಾಡಿದರೆ ಜೈಲು. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಮೇಲೆ ಸಾಮಾನ್ಯ ಪ್ರಜೆ ಇಟ್ಟುಕೊಳ್ಳಬಹುದಾದ ಕೋವಿ ಮೂರರಿಂದ ಎರಡಕ್ಕಿಳಿಯಿತು, ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೇರಿತು. ಬ್ರಿಟಿಷರ ಕಾಲದಿಂದ ಉಳಿದುಬಂದ ಇನ್ನೊಂದು ಕಟ್ಟುಪಾಡು ಬೋರಿನದು: ಸೇನೆಯ, ಪೊಲೀಸರ ತೋಟಾ ಹಾರಿಸುವ .303, .38, .455ನಂಥ ಬೋರುಗಳು ಜನಸಾಮಾನ್ಯರಿಗೆ ನಿಷಿದ್ಧ. .315 ರೈಫಲ್ ಮತ್ತು .32 ರಿವಾಲ್ವರ್ ನಮ್ಮ ಊರುಗಳಲ್ಲಿ ಇಷ್ಟೊಂದು ಕಾಣುವುದಕ್ಕೆ ಕಾರಣ ಇದೇ. ಕಟ್ಟುನಿಟ್ಟು ಸರಿಯೆಂದೇ ನನ್ನ ಅಭಿಪ್ರಾಯ. ಆಸಕ್ತಿಯಿದ್ದ ಮಕ್ಕಳಿಗೆ ಮಿಯಾಪುರದಿಂದ ದೂರವೇನಿಲ್ಲದ ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲಿ, 2002ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ ಶೂಟಿಂಗ್ ರೇಂಜ್ ಇದೆ. ಲಂಡನ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಗಗನ್ ನಾರಂಗ್ ಬೆಳೆದದ್ದು ಈ ಊರಲ್ಲಿ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಒಂದು ಚಿನ್ನ, ಮೂರು ಬೆಳ್ಳಿ ಗೆದ್ದ ಈಶಾ ಸಿಂಗ್ ಈ ಊರಿನವರೇ.

ಇಲ್ಲಿ ನೆಲೆಸಿರುವ ಮಲೆನಾಡಿನ, ಕೊಡಗಿನ ಕುಟುಂಬಗಳಿಗೆ ಒಂದು ಮಾತು ಹೇಳಬೇಕಿದೆ. ಊರ ಮನೆಯ ಬೀರುವಿನಲ್ಲಿ, ಅಜ್ಜನ ಟ್ರಂಕಿನಲ್ಲಿ ಹಸಿರು ಹಿಡಿದ ಹಳೆಯ ತೋಟಾಗಳು ಸಿಗುವುದುಂಟು. ತಳದ ಅಚ್ಚಿನಲ್ಲಿ ಬೋರು ಬರೆದಿರುತ್ತದೆ, ಆದರೆ ಒಳಗಿನ ಮದ್ದು ಯಾರು ತುಂಬಿದ್ದು, ಎಷ್ಟು ತುಂಬಿದ್ದು ಎಂಬುದು ಬರೆದಿರುವುದಿಲ್ಲ. ಮನೆಯ ಕೋವಿಗೆ ಅದು ಸರಿಯಾಗಿ ಕೂತರೂ ಹಾರಿಸಿ ನೋಡಬೇಡಿ, ಒಲೆಗೋ ಕಸಕ್ಕೋ ಎಸೆಯಬೇಡಿ, ಬಿಚ್ಚಿ ನೋಡಲೂ ಹೋಗಬೇಡಿ. ಲೈಸೆನ್ಸು ಹೊಂದಿದ್ದವರು ತೀರಿಕೊಂಡ ಮೇಲೆ ಆ ತೋಟಾ ಮನೆಯಲ್ಲಿರುವುದೂ ಕಾನೂನಿಗೆ ವಿರುದ್ಧ. ಕಾಯ್ದೆಯ 21ನೇ ಸೆಕ್ಷನ್ನಿನಡಿ ಅದನ್ನು ಹತ್ತಿರದ ಠಾಣೆಯ ಅಧಿಕಾರಿಗೆ ಅಥವಾ ಲೈಸೆನ್ಸು ಇರುವ ಆಯುಧ ವ್ಯಾಪಾರಿಗೆ ಒಪ್ಪಿಸಬೇಕು. ಹೋಗುವ ಮುಂಚೆ ಠಾಣೆಗೆ ಫೋನು ಮಾಡಿ ತಿಳಿಸಿ, ಒಪ್ಪಿಸಿದ ಮೇಲೆ ರಸೀದಿ ಕೇಳಿ ಪಡೆಯಿರಿ.